ಮುಟ್ಟುವುದೇ ಕಸುಬಾದಾಗ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ಕೇರಿ-ತಾಂಡಾಗಳ ಹೆಣ್ಣುಮಕ್ಕಳಿಗೆ ನರ್ಸಿಂಗ್ ಅಂದರೆ ಫರ್ಸಿ ಕಲ್ಲಿನ ಖಣಿಯಿಂದ, ತೊಗರಿ ಹೊಲದ ಕೂಲಿಯಿಂದ ಹೊರಬರುವ ಒಂದು ದಾರಿ. 2013ರಲ್ಲಿ 371(ಜೆ) ಜಾರಿಯಾದ ಮೇಲೆ ವೃತ್ತಿಶಿಕ್ಷಣದ ಸೀಟುಗಳಲ್ಲಿ ಈ ಭಾಗದವರಿಗೆ ಪಾಲು ಸಿಕ್ಕಿದೆ. ಸೀಟು ಸಿಕ್ಕಿತು, ಖರೆ. ವಾರ್ಡಿನೊಳಗೆ ಕಾಲಿಟ್ಟ ಮೇಲೆ? ದಲಿತ ವಿಮರ್ಶೆ ಪುಸ್ತಕವನ್ನಷ್ಟೇ ಓದಿದರೆ ಸಾಲದು, ವಾರ್ಡನ್ನೂ ಓದಬೇಕು.

ಜಿಎನ್‌ಎಂ 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ಎರಡರಲ್ಲೂ ಕಲಿಕೆಯ ಬಹುಪಾಲು ಕೈಯಿಂದಲೇ ಆಗಬೇಕು. ಹಾಸಿಗೆ ಹಾಸುವುದು, ರೋಗಿಯ ಮೈ ಒರೆಸುವುದು, ಬೆಡ್‌ಪ್ಯಾನ್ ಕೊಡುವುದು, ನಾಡಿ-ಬಿಪಿ ನೋಡುವುದು, ಇಂಜೆಕ್ಷನ್, ಆಮೇಲೆ ಹೆರಿಗೆ ಕೋಣೆ. ಹಿರಿಯರ ಕಣ್ಣೆದುರು ಮಾಡಿ ಲಾಗ್‌ಬುಕ್ಕಿನಲ್ಲಿ ಸಹಿ ಪಡೆಯಬೇಕು. ಕಲಿಸುವವರಿಲ್ಲದ ಕಡೆ ಇದೇ ಕಲಿಕೆ ಬಿಟ್ಟಿ ದುಡಿಮೆಯಾಗುತ್ತದೆ.

ಇಲ್ಲಿ ಮುಟ್ಟುವುದೇ ಕಸುಬು. ಆದರೆ ಸಂಬಂಧಿಕರು ಕೇಳುವುದೇನು? 'ಯಾ ಊರವ್ವ? ಯಾರ ಪೈಕಿ?' ಬೆಡ್‌ಪ್ಯಾನ್ ಯಾರ ಕೈಗೆ, ಸಿರಿಂಜು ಯಾರ ಕೈಗೆ ಎಂದು ಹಂಚುವಾಗ ಜಾತಿ ಬಾಯಿ ತೆರೆಯಬೇಕೆಂದಿಲ್ಲ. ಜಾತಿಯೆಂದರೆ ಕೆಲಸದ ವಿಭಜನೆಯಷ್ಟೇ ಅಲ್ಲ, ಕೆಲಸಗಾರರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟರು.

ಇನ್ನೊಂದು ಮಾತು. ಹೊಕ್ಕುಳಬಳ್ಳಿ ಕೊಯ್ಯುವ, ಬಾಣಂತಿಯ ಮೈಲಿಗೆ ಬಟ್ಟೆ ಒಗೆಯುವ ಕೆಲಸವನ್ನು ಎಷ್ಟೋ ಊರುಗಳಲ್ಲಿ ಕೇರಿಯ ಹೆಂಗಸರೇ ಮಾಡುತ್ತಿದ್ದರು. ಅವರು ಮಾಡಿದಾಗ ಅದು ಮೈಲಿಗೆ; ಅದೇ ಕೆಲಸಕ್ಕೆ ಬಿಳಿ ಬಟ್ಟೆ, ಸರ್ಟಿಫಿಕೇಟು ಬಂದಾಗ ಸೇವೆ. ಸೂಲಗಿತ್ತಿಯ ಮೊಮ್ಮಗಳು ಹೆರಿಗೆ ಕೋಣೆಯಲ್ಲಿ ಏನೂ ಅರಿಯದವಳಂತೆ ನಿಲ್ಲಬೇಕು. ಸೋಂಕು, ರಕ್ತದೊತ್ತಡದ ಹೊಸ ವಿದ್ಯೆ ಆಕೆಗೆ ಬೇಕೇ ಬೇಕು. ಆದರೆ ಅಜ್ಜಿಯ ಕೈಗುಣದಿಂದ ನಾಚಿಕೆಪಡುವುದನ್ನೂ ಆ ವಿದ್ಯೆಯ ಜೊತೆಗೇ ಕಲಿಸಬೇಕೇ?

ಭಾಷೆಯದೂ ಇದೇ ಕಥೆ. ಪಾಠ ಇಂಗ್ಲಿಷಿನಲ್ಲಿ, ರೋಗಿಯ ನೋವು ಕನ್ನಡ, ಉರ್ದು, ತೆಲುಗು, ಲಂಬಾಣಿಯಲ್ಲಿ. ಚಿಂಚೋಳಿ ತಾಂಡಾದ ಮುದುಕಿಯ ಸಂಕಟ ತಾಂಡಾದ ಹುಡುಗಿಗೆ ಕೂಡಲೇ ತಿಳಿಯುತ್ತದೆ. ಆ ತಿಳುವಳಿಕೆಗೆ ಅಂಕವಿಲ್ಲ. ಇಂಗ್ಲಿಷಿನಲ್ಲಿ ಕೇಸ್ ಒಪ್ಪಿಸುವಾಗ ತಡವರಿಸಿದರೆ ಮಾತ್ರ 'ದಡ್ಡಿ' ಎಂಬ ಬಿರುದು.

2016ರಲ್ಲಿ ಕಲಬುರ್ಗಿಯ ನರ್ಸಿಂಗ್ ಕಾಲೇಜೊಂದರಲ್ಲಿ ಕೇರಳದ ದಲಿತ ವಿದ್ಯಾರ್ಥಿನಿಗೆ ಶೌಚಾಲಯ ತೊಳೆಯುವ ದ್ರಾವಣ ಕುಡಿಸಿದ ಆರೋಪ ಬಂದು, ಹಿರಿಯ ವಿದ್ಯಾರ್ಥಿನಿಯರ ಬಂಧನವಾಯಿತು. ಅಂಥದ್ದು ಪತ್ರಿಕೆಗೆ ಬರುತ್ತದೆ. ವಾರ್ಡಿನ ದಿನನಿತ್ಯದ ಅವಮಾನ ಬರುವುದಿಲ್ಲ. ಸಹಿ, ಹಾಜರಿ, ಇಂಟರ್ನಲ್ ಅಂಕ ಅದೇ ಜನರ ಕೈಯಲ್ಲಿರುವಾಗ ಯಾವ ಹುಡುಗಿ ಬಾಯಿ ಬಿಟ್ಟಾಳು?

ಆದ್ದರಿಂದ ಸಂಘಟನೆಗಳು ಸೀಟಿನ ಲೆಕ್ಕಕ್ಕೇ ನಿಲ್ಲಬಾರದು. ಯಾವ ಕೆಲಸ ಯಾರಿಗೆ ಎಷ್ಟು ಸಲ ಬಂತು ಎಂದು ಡ್ಯೂಟಿ ಪಟ್ಟಿ ನೋಡಬೇಕು. ದೂರು ಕೇಳುವವರು ಅಂಕ ಕೊಡುವವರಾಗಿರಬಾರದು. ರೋಗಿಯ ಭಾಷೆ ಬಲ್ಲವಳಿಗೆ ಅದಕ್ಕೂ ಅಂಕ ಸಿಗಬೇಕು. ನಾಡಿ ಹಿಡಿದ ಕೈಯ ಜಾತಿ ಕೇಳುವ ಸಮಾಜಕ್ಕೆ ಚಿಕಿತ್ಸೆ ಇನ್ನೂ ಆಗಬೇಕಾಗಿದೆ.