ಅಮೆರಿಕೆಯಿಂದ ಬಂದ ಉಗಿಬಂಡಿ

1947ರಲ್ಲಿ ಅಮೆರಿಕಾ ದೇಶದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಡಬ್ಲ್ಯು.ಪಿ. ಎಂಬ 16 ಉಗಿಯಂತ್ರಗಳು ಭರತಖಂಡಕ್ಕೆ ಬಂದುವು. ಕೋವಿಯ ಗುಂಡಿನಂಥ ಮುಖ, ಅದರಲ್ಲಿ ನಕ್ಷತ್ರ. ಆದರೆ ವಾಚಕಮಹಾಶಯರು ಅದರ ಒಲೆಯನ್ನು ಗಮನಿಸಬೇಕು. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು, ಕಾವು ಕಡಮೆ. ಅದನ್ನು ಹರವಿ ಉರಿಸಲು ಒಲೆ ಅಗಲವಾಗಿರಬೇಕು. ಆ ಭಾರವನ್ನು ಹೊರಲೆಂದೇ ಹಿಂಬದಿಗೆ ಒಂದು ಜೊತೆ ಸಣ್ಣ ಗಾಲಿಗಳನ್ನು ಕೂಡಿಸಿದರು. ಹಸಿಸೌದೆಗೆ ಒಲೆಯನ್ನು ಹೊಂದಿಸುವ ಗೃಹಿಣಿಯ ನ್ಯಾಯವೇ ಇದು.

ತ್ಯಾಮಗೊಂಡ್ಲಿನ ಸಮೀಪದ ಬೆಂಗಳೂರು-ತುಮಕೂರು ಹಳಿಯನ್ನು 1884ರಲ್ಲಿ ಮೀಟರ್ ಅಗಲಕ್ಕೆ ಹಾಕಿದ್ದರು. ಐದೂವರೆ ಅಡಿಯ ಹಳಿಗೆ ಹುಟ್ಟಿದ ಈ ಯಂತ್ರವು ಆಗ ಇತ್ತ ಬರುವಂತಿರಲಿಲ್ಲ. ಇದರ ತಂಗಿಯಂತಿದ್ದ ವೈ.ಪಿ. ಯಂತ್ರವು ಮೀಟರ್ ಹಳಿಗಳಿಗೆ ಒದಗಿತು. 1967ರ ವೇಳೆಗೆ ಡಬ್ಲ್ಯು.ಪಿ. ಯಂತ್ರಗಳು 755 ಆದುವು. ಅವುಗಳ ಒಲೆಗೆ ಇದ್ದಲನ್ನು ಎರಚಿದ್ದು ಮನುಷ್ಯರ ಕೈ. ನಕ್ಷತ್ರವನ್ನು ಮೆಚ್ಚುವವರು ಆ ಬೆವರನ್ನೂ ಸ್ಮರಿಸುವುದು ಧರ್ಮ.