ಉತ್ತರ ಗೊತ್ತಿಲ್ಲದವರೂ ತಂಡಕ್ಕೆ ಬೇಕು

ಮೊದಲ ಸಲ ವಿಡಿಯೊ ಗೇಮ್ ಮಾಡಲು ಹೊರಟ ವಿದ್ಯಾರ್ಥಿಗಳು ಕೋಡಿಂಗ್ ಬಲ್ಲವರನ್ನು ಹುಡುಕುತ್ತಾರೆ, ಚಿತ್ರ ಬಿಡಿಸುವವರನ್ನು ಹುಡುಕುತ್ತಾರೆ. ಒಗಟು ಬಿಡಿಸುತ್ತ ಕತೆಯೊಳಗೆ ಸಾಗುವ ಪಜಲ್ ಅಡ್ವೆಂಚರ್ ಆಟಕ್ಕೆ ಇವರಷ್ಟೇ ಮುಖ್ಯರಾದ ಇನ್ನೊಬ್ಬರಿದ್ದಾರೆ: ಉತ್ತರ ಗೊತ್ತಿಲ್ಲದವರು. ಓಟದ ಆಟ ಮಾಡಿದವರು ತಾವೇ ನೂರು ಸಲ ಆಡಿ ತಿದ್ದಿಕೊಳ್ಳಬಹುದು. ಒಗಟು ಕಟ್ಟಿದವರಿಗೆ ಆ ಅವಕಾಶವಿಲ್ಲ. ಉತ್ತರ ಮೊದಲೇ ಗೊತ್ತಿರುವುದರಿಂದ ಅದು ಸುಲಭವೋ ಕಷ್ಟವೋ ಅವರಿಗೆ ತಿಳಿಯದು. ಈ ಬಗೆಯ ಆಟಕ್ಕೆ ತಂಡ ಬೇಕಾಗುವುದು ಕೆಲಸ ಹಂಚಿಕೊಳ್ಳಲು ಮಾತ್ರವಲ್ಲ, ಒಬ್ಬರ ಒಗಟನ್ನು ಇನ್ನೊಬ್ಬರು ಏನೂ ತಿಳಿಯದೆ ಎದುರಿಸಲು.

ರಾಯಚೂರು ಜಿಲ್ಲೆಯ ಗೊರೇಬಾಳದ ಹುಡುಗ ಹುಡುಗಿಯರು ಇಂಥ ಆಟ ಕಟ್ಟುವುದಾದರೆ ವಸ್ತುವಿಗೆ ದೂರ ಹೋಗಬೇಕಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅದೇ ಜಿಲ್ಲೆಯ ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಬೆಳಕಿಗೆ ತಂದರು. ಅಲ್ಲಿಯವರೆಗೆ ಸಿಕ್ಕಿದ್ದ ಇಂಥ ಶಾಸನಗಳಲ್ಲಿ, ಅಂದರೆ ಧರ್ಮಲಿಪಿಗಳಲ್ಲಿ, ಅವನ್ನು ಬರೆಸಿದ ದೊರೆ ದೇವಾನಂಪಿಯ, ಪಿಯದಸಿ ಎಂದಷ್ಟೇ ಕರೆಸಿಕೊಂಡಿದ್ದ. ಮಸ್ಕಿಯ ಬಂಡೆ ಅಶೋಕ ಎಂಬ ಹೆಸರನ್ನೇ ಹೇಳಿತು, ಆ ದೊರೆ ಅಶೋಕನೇ ಎಂಬ ವಿದ್ವಾಂಸರ ಊಹೆ ಗಟ್ಟಿಯಾಯಿತು. ಆಟಕ್ಕೆ ಬೇಕಾದ ನಿಯಮ ಇದರಲ್ಲೇ ಇದೆ: ಒಂದು ಕಲ್ಲಿನಲ್ಲಿ ಗುರುತಿಸಿದ ಅಕ್ಷರ ಇನ್ನೊಂದು ಕಲ್ಲನ್ನು ಓದಲು ನೆರವಾಗಬೇಕು. ಒಂದು ನಿಯಮ, ಮೂರ್ನಾಲ್ಕು ಬಂಡೆ, ಒಂದೇ ಬೆಟ್ಟ. ಮೊದಲ ಆಟಕ್ಕೆ ಇಷ್ಟು ಸಾಕು. ಚಿತ್ರ ಬಿಡಿಸುವುದಕ್ಕೂ ಮುಂಚೆ ಕಾಗದದ ಮೇಲೆ, ಆಮೇಲೆ ತೆರೆಯ ಮೇಲೆ ಬರೀ ಚೌಕಗಳನ್ನಿಟ್ಟು ಆಡಿಸಬೇಕು. ಪಕ್ಕದಲ್ಲಿ ಕೂತವರು ಸುಳಿವು ಕೊಡದೆ, ಆಡುವವರು ಎಲ್ಲಿ ತಡವರಿಸಿದರು, ಮೊದಲು ಏನನ್ನು ಮುಟ್ಟಿದರು ಎಂದು ಬರೆದುಕೊಳ್ಳಬೇಕು.

ಇಷ್ಟು ಚಿಕ್ಕ ಆಟದಿಂದ ಏನು ಕಲಿತಂತಾಯಿತು ಎಂದು ಕೇಳುವವರಿದ್ದಾರೆ. ಅಮೆರಿಕದ ಡಿಜಿಪೆನ್ ಸಂಸ್ಥೆಯ ವಿದ್ಯಾರ್ಥಿಗಳು 2005ರಲ್ಲಿ ಮುಗಿಸಿದ ‘ನಾರ್ಬಾಕ್ಯುಲರ್ ಡ್ರಾಪ್’ ಚಿಕ್ಕ ಆಟವೇ. ಅದರ ರಾಜಕುಮಾರಿಗೆ ಜಿಗಿಯಲೂ ಬರುವುದಿಲ್ಲ. ಎರಡು ಕಡೆ ಬಾಗಿಲು ತೆರೆದು ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರುವುದು ಅದರ ಮುಖ್ಯ ನಿಯಮ. ವಿಡಿಯೊ ಗೇಮ್ ತಯಾರಿಸುವ ವಾಲ್ವ್ ಕಂಪನಿ ಆ ತಂಡವನ್ನೇ ಕೆಲಸಕ್ಕೆ ಸೇರಿಸಿಕೊಂಡಿತು. ಅದೇ ನಿಯಮ ಬೆಳೆದು, ಹೊಸ ಆಟಗಾರರ ಮುಂದೆ ಮತ್ತೆ ಮತ್ತೆ ಪರೀಕ್ಷೆಗೊಳಗಾಗಿ, 2007ರಲ್ಲಿ ‘ಪೋರ್ಟಲ್’ ಎಂಬ ಆಟವಾಯಿತು. ಆಡಿದವರ ಮಾತನ್ನೆಲ್ಲ ಕೇಳಿದರೆ ಒಗಟು ಸಪ್ಪೆಯಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಆಡುವವರು ತೋರಿಸುವುದು ತೊಂದರೆ ಎಲ್ಲಿದೆ ಎಂಬುದನ್ನು ಮಾತ್ರ; ಪರಿಹಾರ ತಂಡದ್ದು. ಬಂಡೆಗಳ ಆಟದಲ್ಲಿ ಅಕ್ಷರ ಕಣ್ಣಿಗೇ ಬೀಳದಿದ್ದರೆ ಅದು ಮಾಡಿದವರ ದೋಷ, ತಿದ್ದಬೇಕು. ಅಕ್ಷರ ಕಂಡೂ ಅರ್ಥ ಹೊಳೆಯದೆ ಯೋಚಿಸುತ್ತ ಕೂತರೆ ಅದೇ ಆಟದ ಸುಖ, ಹಾಗೇ ಬಿಡಬೇಕು.

ಇದೆಲ್ಲ ಬೆಂಗಳೂರಿನವರ ಕೆಲಸ ಎಂಬ ಮಾತು ಪೂರ್ತಿ ಸುಳ್ಳಲ್ಲ. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ಕರ್ನಾಟಕ 2012ರಲ್ಲೇ ನೀತಿ ರೂಪಿಸಿದರೂ ಸ್ಟುಡಿಯೊಗಳು ಹೆಚ್ಚಾಗಿ ರಾಜಧಾನಿಯಲ್ಲೇ ಇವೆ. ಕಂಪ್ಯೂಟರ್ ಇಲ್ಲದ ಕೊರತೆಯೂ ನಿಜವಾದದ್ದು, ಅದನ್ನು ಶಾಲೆ ಕಾಲೇಜುಗಳೇ ತುಂಬಬೇಕು. ಆದರೆ ಆಟ ಕಟ್ಟಲು ಬಳಸುವ ‘ಗೊಡೊ’ ಎಂಬ ಗೇಮ್ ಎಂಜಿನ್ ಉಚಿತ. 2023ರಲ್ಲಿ ಬಂದ ಅದರ ನಾಲ್ಕನೇ ಆವೃತ್ತಿಯಿಂದ ಕನ್ನಡದ ಒತ್ತಕ್ಷರಗಳೂ ಸರಿಯಾಗಿ ಮೂಡುತ್ತವೆ, ಹಾಗಾಗಿ ಆಟ ಕನ್ನಡದಲ್ಲೇ ಮಾತಾಡಬಹುದು. ಇನ್ನು ಉತ್ತರ ಗೊತ್ತಿಲ್ಲದ ಆಟಗಾರರು ಊರ ತುಂಬ ಇದ್ದಾರೆ. ಗೇಮ್ ಎಂದರೇನೆಂದು ಅರಿಯದ ಹಿರಿಯರೂ ಆಡಿ ಮುಗಿಸಬಲ್ಲ ಒಗಟನ್ನು ಕಟ್ಟಿದ ತಂಡಕ್ಕೆ ಈ ಕಸುಬಿನ ಮೊದಲ ಪಾಠ ಸಿಕ್ಕಂತೆಯೇ.