ಹವಳದ ಮೈಯಲ್ಲಿ ಅಡಗಿರುವ ಮದ್ದು

ಮರ್ಜಾನ್ ಎಂಬ ಪದ ನಮ್ಮ ಓದುಗರಿಗೆ ಹೊಸದಲ್ಲ. ಸೂರಃ ಅರ್ರಹ್ಮಾನ್ ಓದುವವರಿಗೆ ಅದು ಪರಿಚಿತ. ಯುನಾನಿ ಔಷಧದ ಅಂಗಡಿಯಲ್ಲಿ ಸಿಗುವ ಕುಶ್ತಾ ಮರ್ಜಾನ್ ಕೂಡಾ ಹವಳವನ್ನು ಸುಟ್ಟು ತಯಾರಿಸಿದ ಭಸ್ಮ. ಆ ಭಸ್ಮ ಹವಳದ ಗಟ್ಟಿ ಭಾಗದ್ದು, ಅದರಲ್ಲಿರುವುದು ಬಹುಪಾಲು ಸುಣ್ಣ. ಆದರೆ ಕಳೆದ ಎಪ್ಪತ್ತು ವರ್ಷಗಳಿಂದ ವಿಜ್ಞಾನಿಗಳು ಹುಡುಕುತ್ತಿರುವ ಮದ್ದು ಬೇರೆಯೇ. ಅದು ಇರುವುದು ಸಮುದ್ರಜೀವಿಗಳ ಮೆತ್ತಗಿನ ಮೈಯಲ್ಲಿ.

ಹವಳವನ್ನು ಕೆಲವರು ಕಲ್ಲು ಎಂದುಕೊಳ್ಳುತ್ತಾರೆ, ಕೆಲವರು ಗಿಡ ಎನ್ನುತ್ತಾರೆ. ವಾಸ್ತವದಲ್ಲಿ ಅದು ಸಾವಿರಾರು ಪುಟ್ಟ ಪ್ರಾಣಿಗಳ ಗುಂಪು. ಕೆಲವು ಹವಳಗಳು ತಮ್ಮ ಸುತ್ತ ಸುಣ್ಣದ ಗೋಡೆ ಕಟ್ಟಿಕೊಳ್ಳುತ್ತವೆ. ಮೃದು ಹವಳಗಳಿಗೆ ಆ ಗೋಡೆಯಿಲ್ಲ. ಅವು ನೀರಿನಲ್ಲಿ ಬಳ್ಳಿಯಂತೆ ಓಲಾಡುತ್ತಾ ಒಂದೇ ಕಡೆ ಅಂಟಿಕೊಂಡಿರುತ್ತವೆ. ಓಡಲು ಕಾಲಿಲ್ಲ, ಅಡಗಲು ಚಿಪ್ಪಿಲ್ಲ. ಆದರೂ ಮೀನುಗಳು ಅವುಗಳನ್ನು ಸುಲಭವಾಗಿ ತಿಂದು ಮುಗಿಸುವುದಿಲ್ಲ. ಕಾರಣ, ಅವುಗಳ ಮೈಯಲ್ಲೇ ತಯಾರಾಗುವ ರಾಸಾಯನಿಕಗಳು. ಶತ್ರುವಿಗೆ ವಿಷವಾದದ್ದು ತಕ್ಕ ಪ್ರಮಾಣದಲ್ಲಿ ರೋಗಿಗೆ ಮದ್ದಾಗಬಹುದೇ? ಹುಡುಕಾಟ ಶುರುವಾದದ್ದು ಈ ಪ್ರಶ್ನೆಯಿಂದ.

ಮೊದಲ ದಾರಿ ತೋರಿಸಿದ್ದು ಸ್ಪಂಜು. 1950ರ ಆಸುಪಾಸಿನಲ್ಲಿ ವರ್ನರ್ ಬರ್ಗ್‌ಮನ್ ಎಂಬ ರಸಾಯನ ವಿಜ್ಞಾನಿ ಅಮೆರಿಕದ ಫ್ಲೋರಿಡಾ ಕರಾವಳಿಯ ಒಂದು ಸ್ಪಂಜಿನಲ್ಲಿ ವಿಚಿತ್ರ ವಸ್ತುಗಳನ್ನು ಕಂಡರು. ಅವು ಜೀವಕೋಶದ ಡಿಎನ್‌ಎ ಕಟ್ಟಲು ಬೇಕಾದ ಇಟ್ಟಿಗೆಗಳಂತೆಯೇ ಇದ್ದವು, ಆದರೆ ಸ್ವಲ್ಪ ವ್ಯತ್ಯಾಸವಿತ್ತು. ಅದೇ ಮಾದರಿಯಲ್ಲಿ ಪ್ರಯೋಗಾಲಯದಲ್ಲಿ ಸಿದ್ಧವಾದ ಔಷಧಿ ಸೈಟರಾಬಿನ್. ಕ್ಯಾನ್ಸರ್ ಕೋಶ ಈ ಸುಳ್ಳು ಇಟ್ಟಿಗೆಯನ್ನು ನಂಬಿ ಬಳಸಿದರೆ ಅದರ ಕಟ್ಟಡ ಅಲ್ಲಿಗೇ ನಿಲ್ಲುತ್ತದೆ. 1969ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧಿಯನ್ನು ಇಂದಿಗೂ ರಕ್ತದ ಕ್ಯಾನ್ಸರ್‌ಗೆ ಕೊಡುತ್ತಾರೆ. ಆಸ್ಪತ್ರೆಯಲ್ಲಿ ಮಗುವಿನ ಪಕ್ಕ ಕುಳಿತು ಹನಿ ಹನಿಯಾಗಿ ಇಳಿಯುವ ಆ ಮದ್ದನ್ನು ನೋಡುತ್ತಿರುವ ತಾಯಿಗೆ, ಅದರ ಮೂಲ ಸಮುದ್ರದ ತಳದಲ್ಲಿದೆ ಎಂಬುದು ಗೊತ್ತಿರಲಿಕ್ಕಿಲ್ಲ.

ಎರಡನೆಯದು ಕೋನ್ ಶಂಖ. ಇದು ತನ್ನ ವಿಷದ ಮುಳ್ಳಿನಿಂದ ಮೀನನ್ನು ಕ್ಷಣದಲ್ಲಿ ನಿಶ್ಚಲಗೊಳಿಸುತ್ತದೆ. ಫಿಲಿಪ್ಪೀನ್ಸ್ ಮೂಲದ ವಿಜ್ಞಾನಿ ಬಾಲ್ಡೊಮೆರೊ ಒಲಿವೆರಾ ಅವರ ತಂಡದ ಅಧ್ಯಯನದಿಂದ ಜಿಕೊನೊಟೈಡ್ ಎಂಬ ನೋವು ನಿವಾರಕ ಬಂತು. 2004ರಲ್ಲಿ ಅನುಮತಿ ಸಿಕ್ಕಿತು. ಬೇರೆ ಯಾವ ಔಷಧಿಗೂ ಬಗ್ಗದ ನೋವಿಗೆ ಇದನ್ನು ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಹರಿಸಬೇಕು. ಮಾತ್ರೆಯಾಗಿ ನುಂಗಿದರೆ ಪ್ರಯೋಜನವಿಲ್ಲ.

ಇನ್ನು ಮೃದು ಹವಳದ ಕಥೆ. 1990ರ ದಶಕದಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯ ವಿಲಿಯಂ ಫೆನಿಕಲ್ ಅವರ ತಂಡ ಪಶ್ಚಿಮ ಆಸ್ಟ್ರೇಲಿಯಾದ ಕಡಲಿನ ಅಪರೂಪದ ಮೃದು ಹವಳವೊಂದರಲ್ಲಿ ಎಲ್ಯುಥೆರೋಬಿನ್ ಎಂಬ ವಸ್ತುವನ್ನು ಪತ್ತೆಹಚ್ಚಿತು. ಜೀವಕೋಶ ಒಂದರಿಂದ ಎರಡಾಗುವಾಗ ಒಳಗೆ ಸಣ್ಣ ಕೊಳವೆಗಳ ಅಟ್ಟಣಿಗೆಯೊಂದು ಏಳುತ್ತದೆ. ಕೆಲಸ ಮುಗಿದೊಡನೆ ಅದು ಕಳಚಿಕೊಳ್ಳಬೇಕು. ಎಲ್ಯುಥೆರೋಬಿನ್ ಅದನ್ನು ಕಳಚಲು ಬಿಡುವುದಿಲ್ಲ. ವಿಭಜನೆ ನಿಂತು ಕೋಶ ಸಾಯುತ್ತದೆ. ಸ್ತನ ಕ್ಯಾನ್ಸರ್‌ಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಕೆಲಸ ಮಾಡುವುದೂ ಹೀಗೆಯೇ.

ಇಷ್ಟಾದರೂ ಎಲ್ಯುಥೆರೋಬಿನ್ ರೋಗಿಯ ಹಾಸಿಗೆಯವರೆಗೆ ತಲುಪಲಿಲ್ಲ. ಒಂದು ಹವಳದಲ್ಲಿ ಸಿಗುವುದು ಅತ್ಯಲ್ಪ. ಪ್ರಯೋಗಾಲಯದಲ್ಲಿ ಕಟ್ಟಬಹುದೆಂದು ತೋರಿಸಿದರು, ಆದರೆ ಆ ದಾರಿ ಬಹಳ ಉದ್ದ, ಖರ್ಚಿನದು. ಇಂಥದೇ ತೊಡಕು ಟ್ರಾಬೆಕ್ಟೆಡಿನ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿಗೂ ಇತ್ತು. ಸೀ ಸ್ಕ್ವರ್ಟ್ ಎಂಬ ಚೀಲದಂಥ ಸಮುದ್ರಜೀವಿಯಿಂದ ಅದರ ಒಂದು ಗ್ರಾಂ ಪಡೆಯಲು ಸುಮಾರು ಒಂದು ಟನ್ ಜೀವಿಗಳು ಬೇಕಾಗಿದ್ದವು. ಬ್ಯಾಕ್ಟೀರಿಯಾ ತಯಾರಿಸುವ ಒಂದು ವಸ್ತುವಿನಿಂದ ಆರಂಭಿಸಿ ಅದನ್ನು ಮಾಡುವ ಉಪಾಯ ಸಿಕ್ಕ ಮೇಲೆಯೇ ಆ ಔಷಧಿ ಆಸ್ಪತ್ರೆಗೆ ಬಂತು.

ಎಲ್ಯುಥೆರೋಬಿನ್‌ಗೆ ಅಂಥ ಬಾಗಿಲು ತೆರೆಯಲು ಇಪ್ಪತ್ತೈದು ವರ್ಷಗಳು ಹಿಡಿದವು. ಇದನ್ನು ತಯಾರಿಸುವುದು ಹವಳವೋ, ಅದರ ಮೈಯಲ್ಲಿ ಬದುಕುವ ಪಾಚಿ, ಬ್ಯಾಕ್ಟೀರಿಯಾಗಳೋ ಎಂಬುದೇ ತಿಳಿದಿರಲಿಲ್ಲ. 2022ರಲ್ಲಿ ಯೂಟಾ ವಿಶ್ವವಿದ್ಯಾಲಯದ ಪಾಲ್ ಸೆಸಾ ಮತ್ತು ಎರಿಕ್ ಶ್ಮಿಟ್ ಅವರ ತಂಡ ಉತ್ತರ ಕೊಟ್ಟಿತು. ಫ್ಲೋರಿಡಾದ ತೀರದಲ್ಲಿ ಸಾಮಾನ್ಯವಾಗಿ ಸಿಗುವ ಮೃದು ಹವಳದಲ್ಲೂ ಈ ವಸ್ತು ಇದೆ, ಇಂಥವನ್ನು ತಯಾರಿಸುವ ಸೂಚನೆ ಹವಳದ ಸ್ವಂತ ಜೀನ್‌ಗಳಲ್ಲೇ ಇದೆ ಎಂದು ಅವರು ತೋರಿಸಿದರು. ಸ್ಕ್ರಿಪ್ಸ್‌ನ ಇನ್ನೊಂದು ತಂಡವೂ ಅದೇ ಸಮಯದಲ್ಲಿ ಇದೇ ತೀರ್ಮಾನಕ್ಕೆ ಬಂತು. ಆ ಜೀನ್‌ಗಳನ್ನು ಬ್ಯಾಕ್ಟೀರಿಯಾದಲ್ಲಿ ಸೇರಿಸಿದಾಗ, ಬ್ಯಾಕ್ಟೀರಿಯಾ ಈ ಮದ್ದಿನ ಮೊದಲ ಹಂತದ ವಸ್ತುವನ್ನು ತಯಾರಿಸಿತು. ಪೂರ್ಣ ಔಷಧಿಗೆ ಇನ್ನೂ ಹಲವು ಹಂತಗಳಿವೆ. ಆ ಮೇಲೆ ಮನುಷ್ಯರ ಮೇಲಿನ ಪರೀಕ್ಷೆ. ಆದರೆ ಹವಳ ಕೀಳದೆ ಮದ್ದು ಪಡೆಯುವ ದಾರಿ ಇದೆ ಎಂಬುದು ಸ್ಪಷ್ಟವಾಯಿತು.

ಇದರಿಂದ ನಾವು ತಿಳಿಯಬೇಕಾದ ಮೂರು ಮಾತುಗಳಿವೆ.

ಒಂದು, ಹವಳದಲ್ಲಿ ಕ್ಯಾನ್ಸರ್ ಮದ್ದು ಇದೆ ಎಂಬ ಸುದ್ದಿ ಕೇಳಿ ಯಾರೂ ಚಿಕಿತ್ಸೆ ಬಿಟ್ಟು ಹವಳದ ಪುಡಿಯ ಹಿಂದೆ ಹೋಗಬಾರದು. ಸುಟ್ಟ ಭಸ್ಮದಲ್ಲಿ ಈ ವಸ್ತುಗಳು ಉಳಿಯುವುದಿಲ್ಲ. ಹಸಿ ಹವಳ ತಿಂದರೆ ಸಿಗುವುದು ಮದ್ದಲ್ಲ, ವಿಷ. ಮನೆಯಲ್ಲಿ ರೋಗಿಯಿದ್ದರೆ ಅವರ ವೈದ್ಯರನ್ನೇ ಕೇಳಿ.

ಎರಡು, ಕೋನ್ ಶಂಖಗಳು ನಮ್ಮ ದೇಶದ ಕಡಲಿನಲ್ಲೂ ಇವೆ. ಚಿಪ್ಪು ಚೆಂದವೆಂದು ಜೀವಂತ ಶಂಖವನ್ನು ಮಕ್ಕಳು ಕೈಗೆತ್ತಿಕೊಳ್ಳದಂತೆ ನೋಡಿಕೊಳ್ಳಿ. ಕೆಲವು ಜಾತಿಗಳ ಕುಟುಕಿನಿಂದ ಪ್ರಾಣ ಹೋಗುತ್ತದೆ. ಅದಕ್ಕೆ ಪ್ರತಿವಿಷವಿಲ್ಲ.

ಮೂರು, ಭಟ್ಕಳ, ಮುರ್ಡೇಶ್ವರದವರಿಗೆ ನೇತ್ರಾಣಿ ದ್ವೀಪ ಗೊತ್ತು. ಅಲ್ಲಿನ ನೀರಿನಡಿಯಲ್ಲಿ ಹವಳಗಳಿವೆ. ಬೀಸಣಿಗೆಯಾಕಾರದ ಸೀ ಫ್ಯಾನ್ ಹವಳವೂ ಬಂಡೆ ಕಟ್ಟುವ ಹವಳಗಳೂ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವುಗಳನ್ನು ಕೀಳುವುದು, ಮಾರುವುದು ಅಪರಾಧ. ಕಡಲು ಬಿಸಿಯಾದರೂ ಹವಳ ಉಳಿಯದು. 1998ರಲ್ಲಿ ನೀರು ಕಾದು ಲಕ್ಷದ್ವೀಪದ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿ ಸತ್ತವು.

ಮದ್ದು ತಯಾರಿಸುವ ಸೂಚನೆ ಇರುವುದು ಜೀವಂತ ಹವಳದ ಒಳಗೆ. ಓದುವ ಮೊದಲೇ ಆ ಹವಳ ಅಳಿದರೆ, ನಾಳೆಯ ಯಾವುದೋ ರೋಗಿಯ ಔಷಧಿಯೂ ಅದರ ಜೊತೆ ಹೋಗುತ್ತದೆ. ನಮ್ಮ ಕೈಗೆ ಬಂದ ಅಮಾನತ್ತನ್ನು ಮಕ್ಕಳ ಕೈಗೆ ಇಡೀಯಾಗಿ ಒಪ್ಪಿಸುವುದು ನಮ್ಮ ಹೊಣೆ.